ಫೋಟೋಗಳ ಎಡಭಾಗ

ಮನೆಯಿಂದ, ಅಡುಗೆಮನೆಯ ಮೇಜಿನ ಮೇಲೆ ಬರೆದದ್ದು
ಭಾನುವಾರ ಮಧ್ಯಾಹ್ನ, ಮಾರ್ಚ್ ೯

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಇಳಿಯಿತೋ, ಇಲ್ಲಾ ಈಗಲೂ ಮೆಟ್ಟಿಲ ಮುಂದೆ ನಿಂತು ಮೆಟ್ಟಿಲಿಗೇ ಬೈಯುತ್ತಿದ್ದೀಯೋ? ಎಣ್ಣೆ ತಿಕ್ಕಿದರೆ ಸಾಲದು, ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಮಾಡಬೇಕು ಎಂದು ನಾನು ಹೇಳಿದರೆ "ನಿನ್ನ ಕಾರಿನ ಪಾಠ ನನಗೆ ಬೇಡ" ಅನ್ನುತ್ತೀಯ. ಅಮ್ಮ ಹೇಗಿದ್ದಾಳೆ? ನಿದ್ದೆ ಬರುತ್ತದಂತಾ? ಕನ್ನಡಕ ತಲೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುವುದು ನಿಂತಿದೆಯಾ? ಈ ಪತ್ರವನ್ನು ಅವಳ ಎದುರಿಗೆ ಒಡೆಯಬೇಡ. ಒಡೆದಾಗಿದ್ದರೆ ಕರೆಂಟ್ ಬಿಲ್ ಅಂತ ಏನಾದರೂ ಹೇಳಿ ಒಳಗೆ ಹೋಗು. ಫೋನಿನಲ್ಲೇ ಹೇಳೋಣವೆಂದರೆ ನೀನು ಹಲೋ ಅನ್ನುವ ಮೊದಲೇ ಅವಳು "ಸ್ಪೀಕರ್ ಹಾಕೇ, ನಾನೂ ಕೇಳ್ಬೇಕು" ಅನ್ನುತ್ತಾಳೆ. ಅದೂ ಅಲ್ಲದೆ ನಿನಗೆ ಮಾತಿನ ನಡುವೆ ಬಾಯಿ ಹಾಕುವ ಚಾಳಿ. ಕಾಗದವಾದರೆ ನಾನು ಮುಗಿಸುವ ತನಕ ನೀನು ಸುಮ್ಮನಿರಲೇಬೇಕು.

ನೀನು ನನ್ನ ಬ್ಲಾಗ್ ಓದುವುದಿಲ್ಲವೆಂದು ಗೊತ್ತು, ಬೇಜಾರಿಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಒಬ್ಬ ಶಿಷ್ಯ ಇಳಿದು ಇನ್ನೊಬ್ಬ ಹತ್ತುವ ನಡುವೆ ಸಿಗುವ ಬಿಡುವಿನಲ್ಲಿ, ಕಾರಿನ ಎಡಗಡೆಯ ಸೀಟಿನಿಂದ ಬೀದಿಯ ಫೋಟೋ ತೆಗೆಯುವುದು, ಮನೆಗೆ ಬಂದು ಅದರ ಕೆಳಗೆ ಆ ದಿನ ನಡೆದದ್ದು ಬರೆಯುವುದು, ಇಷ್ಟೇ ಅದರ ಕಥೆ. ಮೊದಮೊದಲು ಪಟ್ಟ ಪಾಡು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಇಂಗ್ಲಿಷ್ ಕೀಲಿಯಲ್ಲಿ ಹೊಡೆದದ್ದನ್ನು ಕನ್ನಡ ಮಾಡುವ ಒಂದು ಸಾಧನವಿತ್ತು, ಅದಕ್ಕೆ ದೀರ್ಘ ಅಂದರೆ ಅಲರ್ಜಿ. "ಇವತ್ತು ಒಬ್ಬ ಅಜ್ಜಿಗೆ ಕರು ಓಡಿಸಲು ಕಲಿಸಿದೆ" ಎಂದು ಪ್ರಕಟವಾಗಿ, "ಹಾಲು ಯಾವಾಗ ಕೊಡುತ್ತೆ?" ಎಂದು ಓದುಗರು ಕೇಳಿದ್ದರು. ಫೋಟೋ ಚಿಕ್ಕದು ಮಾಡುವುದು, ಅಡ್ಡ ಬಿದ್ದದ್ದನ್ನು ನೆಟ್ಟಗೆ ನಿಲ್ಲಿಸುವುದು, ಎಲ್ಲವನ್ನೂ ಎಡವಿ ಎಡವಿಯೇ ಕಲಿತೆ. ನಮ್ಮವರು ಕೊಡಿಸಿದ ಹೊಸ ಕ್ಯಾಮೆರಾ ಬಂದ ಮೇಲಂತೂ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಚಳಿಗಾಲ ಶುರುವಾಗುವ ಹೊತ್ತಿಗೆ ಬ್ಲಾಗಿನ ಎಡಗಡೆಯ ಪಟ್ಟಿ ಮಾಯವಾಗತೊಡಗಿತು. ಹಳೆಯ ಬರಹಗಳೆಲ್ಲ ತಿಂಗಳುವಾರು ಇರುವ ಪಟ್ಟಿ ಅದು. ಒಂದು ದಿನ ಇರುತ್ತದೆ, ಮರುದಿನ ಇಲ್ಲ. ಆಗಷ್ಟೇ ಬ್ಲಾಗಿಗೆ ಜಾಗ ಕೊಟ್ಟ ತಾಣದವರು ಏನೋ ಬದಲಾವಣೆ ಮಾಡಿದ್ದರು, ಅವರೇ ಕೆಡಿಸಿದ್ದಾರೆಂದು ಸಹಾಯ ಕೇಳುವ ಜಾಗದಲ್ಲಿ ಉದ್ದಕ್ಕೆ ದೂರು ಬರೆದೆ. "ನಮಗೆ ಕಾಣುತ್ತಿದೆಯಲ್ಲ" ಎಂದು ಉತ್ತರ ಬಂತು. ಬೇರೆ ವಿನ್ಯಾಸ ಹಾಕಿದೆ, ಬ್ರೌಸರ್ ಬದಲಿಸಿದೆ, ಕಂಪ್ಯೂಟರನ್ನು ಆರಿಸಿ ಹಚ್ಚಿದೆ. ಕೊನೆಗೆ ಇವರನ್ನು ಕರೆದರೆ, ಇವರು ಬಗ್ಗಿ ಪರದೆಯ ಮೇಲೆ ಬೆರಳಿಟ್ಟು, "ಇಲ್ಲೇ ಇದೆಯಲ್ಲೇ! ಹಾವಾಗಿದ್ರೆ ಕಚ್ತಿತ್ತು" ಅಂದರು. ಬೆರಳು ನೋಡಿದ ಮೇಲೆ ನನಗೂ ಕಂಡಿತು. ಇಬ್ಬರೂ ನಕ್ಕೆವು.

ಆಮೇಲೆ ತಲೆಹರಟೆ ಬರೆದ. ಅವನು ಯಾರೋ ಏನೋ, ಬ್ಲಾಗಿನಲ್ಲಿ ಅವನು ಇಟ್ಟುಕೊಂಡಿರುವ ಹೆಸರೇ ಅದು. ಮೊದಲಿನಿಂದಲೂ ಪ್ರತಿ ಫೋಟೋಗೂ ಒಂದು ಕೊಂಕು ಬರೆಯದಿದ್ದರೆ ಅವನಿಗೆ ಅನ್ನ ಕರಗುವುದಿಲ್ಲ. "ಮೇಡಂ, ಇತ್ತೀಚೆಗೆ ನಿಮ್ಮ ಚಿತ್ರಗಳಲ್ಲಿ ಮುಖ್ಯವಾದದ್ದೆಲ್ಲ ಬಲಕ್ಕೆ ಹೋಗಿ ಗೋಡೆಗೆ ಒರಗಿಕೊಂಡಿದೆ. ಎಡಗಡೆ ಯಾರದೋ ಅರ್ಧ ಮುಖ, ಕಸದ ಡಬ್ಬಿ. ಇದು ಹೊಸ ಶೈಲಿಯೋ?" ಎಂದು ಬರೆದಿದ್ದ. ನಾನು ಬಿಡುತ್ತೇನೆಯೇ? ಹೌದು, ಶೈಲಿಯೇ, ನೋಡುವ ಕಣ್ಣು ಬೇಕು ಎಂದು ಉತ್ತರಿಸಿದೆ. ಆದರೆ ಕಸದ ಡಬ್ಬಿ ನನ್ನ ತಲೆಯಲ್ಲಿ ಉಳಿಯಿತು. ಫೋಟೋ ತೆಗೆಯುವಾಗ ಅಲ್ಲಿ ಡಬ್ಬಿ ಇರಲಿಲ್ಲ ಅಕ್ಕಾ. ನಾನು ಪ್ರಮಾಣ ಮಾಡಿ ಹೇಳುತ್ತಿದ್ದೆ, ಇರಲಿಲ್ಲ. ಕ್ಯಾಮೆರಾದಲ್ಲೇ ದೋಷವಿರಬೇಕೆಂದು ಅಂಗಡಿಗೆ ಹೊತ್ತುಕೊಂಡು ಹೋದೆ. ಅವರು ಲೆನ್ಸ್ ಒರೆಸಿ, ನಾಲ್ಕು ಫೋಟೋ ತೆಗೆದು, ಏನೂ ಆಗಿಲ್ಲ ಎಂದು ವಾಪಸು ಕೊಟ್ಟರು. ನನಗೆ ಸಮಾಧಾನವಾಗಬೇಕಿತ್ತು. ದಾರಿಯಲ್ಲಿ ಎರಡು ಸಲ ನಿಂತು ಆ ಡಬ್ಬಿಯ ಫೋಟೋವನ್ನೇ ಮತ್ತೆ ನೋಡಿದೆ.

ಕಳೆದ ತಿಂಗಳು ಒಬ್ಬ ಹೊಸ ಶಿಷ್ಯರು ಸೇರಿದ್ದರು, ನಿವೃತ್ತರಾದ ಸಂಗೀತದ ಮೇಷ್ಟ್ರು. ಹೆದರಿಕೆಯಾದರೆ ಸಣ್ಣಗೆ ಹಾಡಿಕೊಳ್ಳುವ ಅಭ್ಯಾಸ. ಗೇರು ಬದಲಿಸುವಾಗ ಒಂದು ರಾಗ, ಲಾರಿ ಎದುರಾದರೆ ಇನ್ನೊಂದು. ಒಂದು ದಿನ ಎಡಕ್ಕೆ ತಿರುಗುವ ಜಾಗದಲ್ಲಿ ನಾನು ಎಂದಿನಂತೆ ನನ್ನ ಕಡೆಯ ಕಿಟಕಿ ನೋಡಿ, "ಖಾಲಿ ಇದೆ, ತಿರುಗಿಸಿ" ಅಂದೆ. ಕಾರು ಒಮ್ಮೆಲೇ ಮುಗ್ಗರಿಸಿ ನಿಂತಿತು. ಹಾಡು ನಿಂತುಹೋಗಿತ್ತು.

"ಬ್ರೇಕ್ ಯಾಕೆ ಹಾಕಿದ್ರಿ? ಹಿಂದಿನ ಗಾಡಿ ಬಂದು ಗುದ್ದಿದ್ರೆ?" ಎಂದು ರೇಗಿದೆ.

"ಮೇಡಂ... ಮಗು," ಅಂದರು ಮೇಷ್ಟ್ರು.

"ಎಲ್ಲಿ ಮಗು?"

ಆಗ ನನ್ನ ಕಿವಿಯ ಪಕ್ಕದಲ್ಲೇ ಗಾಜನ್ನು ಬಡಿದ ಸದ್ದು. ಬೆಚ್ಚಿ ತಿರುಗಿದರೆ ಒಬ್ಬ ಹೆಂಗಸು, ಅವಳ ಮುಂದೆ ತಳ್ಳುಗಾಡಿ, ಗಾಡಿಯಲ್ಲಿ ಹಳದಿ ಟೋಪಿಯ ಕೂಸು. ಕಿಟಕಿ ಇಳಿಸಿ ಕೈ ಚಾಚಿದ್ದರೆ ಆ ಟೋಪಿ ಮುಟ್ಟಬಹುದಿತ್ತು. "ಕಣ್ಣು ಕಾಣಲ್ವಾ ನಿಮ್ಗೆ? ಇಷ್ಟು ದೊಡ್ಡ ಗಾಡಿ ತಳ್ಕೊಂಡು ಬರ್ತಿದೀನಿ!" ಎಂದು ಅವಳು ಅಳುತ್ತಲೇ ಕೂಗುತ್ತಿದ್ದಳು. ಎಷ್ಟು ಜನ ಎಷ್ಟು ಸಲ ಆ ಮಾತು ಆಡಿದ್ದನ್ನು ರಸ್ತೆಯಲ್ಲಿ ಕೇಳಿದ್ದೇನೆ, ನಾನೇ ಆಡಿದ್ದೇನೆ. ಅವತ್ತು ಮೊದಲ ಸಲ ಅದು ನನಗೆ ಬೈಗುಳವಾಗಿ ಕೇಳಲಿಲ್ಲ, ಪ್ರಶ್ನೆಯಾಗಿ ಕೇಳಿತು. ಮೇಷ್ಟ್ರೇ ಇಳಿದು ಕೈ ಮುಗಿದು ಅವಳನ್ನು ಸಮಾಧಾನ ಮಾಡಿದರು. ಸ್ಕೂಲಿನ ತನಕ ಕಾರನ್ನು ಅವರೇ ಓಡಿಸಿದರು, ನಾನು ಏನೂ ಹೇಳಿಕೊಡಲಿಲ್ಲ. ನನ್ನ ಮುಖ ಹೇಗಿತ್ತೋ, ದಾರಿಯಲ್ಲಿ ಅವರು ಒಮ್ಮೆಯೂ ಹಾಡಲಿಲ್ಲ.

ಸಂಜೆ ಇವರು ಪ್ರೆಸ್ಸಿನ ಕೆಲಸ ಮುಗಿಸಿ ಬಂದ ಮೇಲೆ ಕಂಪ್ಯೂಟರಿನ ಮುಂದೆ ಕೂರಿಸಿಕೊಂಡೆ. ಫೋಟೋಗಳನ್ನು ಒಂದಾದ ಮೇಲೊಂದು ತೋರಿಸಿ, ನಾನು ಇದರಲ್ಲಿ ಕಾಣುವುದನ್ನೆಲ್ಲ ಹೇಳುತ್ತೇನೆ, ಬಿಟ್ಟದ್ದಿದ್ದರೆ ಹೇಳಿ ಅಂದೆ. ಇವರಿಗೆ ಆಟದಂತೆ ಅನ್ನಿಸಿರಬೇಕು, ನಗುತ್ತಲೇ ಕೂತರು. ಅಂಗಡಿ ಬಾಗಿಲು, ಸೈಕಲ್ಲು, ಕೊಡೆ ಹಿಡಿದ ಹುಡುಗಿ, ಅಷ್ಟೇ ಅಂದೆ. ಮುಂದಿನದು. ನೀರಿನ ಟ್ಯಾಂಕು, ಗೋಡೆ, ಅಷ್ಟೇ. ಸ್ವಲ್ಪ ಹೊತ್ತಿಗೆ ಇವರ ನಗು ನಿಂತಿತು. ಪಾರ್ಕಿನ ಫೋಟೋ ಬಂದಾಗ, "ಖಾಲಿ ಬೆಂಚು, ಮರ" ಅಂದೆ. ಇವರು ಮಾತಾಡಲಿಲ್ಲ. ಎರಡೂ ಕೈಯಲ್ಲಿ ನನ್ನ ತಲೆ ಹಿಡಿದು, ಮೆಲ್ಲಗೆ, ಮಗುವಿನ ತಲೆ ತಿರುಗಿಸಿದ ಹಾಗೆ ಎಡಕ್ಕೆ ತಿರುಗಿಸಿದರು. ಬೆಂಚಿನ ಎಡತುದಿಯಲ್ಲಿ ಇವರೇ ಕೂತಿದ್ದಾರೆ ಅಕ್ಕಾ. ಎರಡೂ ಕೈಯಲ್ಲಿ ಟೀ ಲೋಟ, ನನ್ನ ಕಡೆ ನೋಡಿ ನಗುತ್ತಿದ್ದಾರೆ. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಇವರು ಎದ್ದು ಹತ್ತಿರ ಬಂದಾಗ ಕಿಟಾರನೆ ಕಿರುಚಿ, "ಎಲ್ಲಿಂದ ಬಂದ್ರಿ ಭೂತದ ಹಾಗೆ?" ಎಂದಿದ್ದೆ. ನಾಟಕ ಮಾಡುತ್ತಿದ್ದೇನೆಂದು ಇವರು ತಿಳಿದಿದ್ದರಂತೆ.

ಆಮೇಲೆ ಹಿಂದೆ ಹಿಂದೆ ಹೋದೆವು. ನಾನು ಕಂಡಿರದ ಬೀದಿನಾಯಿಗಳು, ಮುದುಕರು, ರಸ್ತೆ ದಾಟಲು ಕಾಯುತ್ತಿದ್ದ ಮಕ್ಕಳು. ಎಲ್ಲರೂ ಅಲ್ಲಿದ್ದರು, ಕ್ಯಾಮೆರಾ ಎಲ್ಲರನ್ನೂ ಕಂಡಿತ್ತು. ನಾನು ಆ ದಿನಗಳಲ್ಲೆಲ್ಲ ಕಾರು ಓಡಿಸಿಕೊಂಡು ಮನೆಗೆ ಬಂದಿದ್ದೆ.

ಮರುದಿನವೇ ಕೆಲಸಕ್ಕೆ ಬರುವುದಿಲ್ಲವೆಂದು ಹೇಳಿ ಕಣ್ಣಿನ ಡಾಕ್ಟರ ಬಳಿ ಹೋದೆವು. ಒಂದು ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು, ನಡುವಿನ ಚುಕ್ಕೆಯನ್ನೇ ನೋಡುತ್ತ, ಎಲ್ಲಾದರೂ ಬೆಳಕು ಮಿನುಗಿದರೆ ಗುಂಡಿ ಒತ್ತಬೇಕು. ಒತ್ತಿದೆ, ಒತ್ತಿದೆ, ಆಮೇಲೆ ಏನೂ ಬರಲಿಲ್ಲ. ಯಂತ್ರ ಮಾತ್ರ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಬೆಳಕು ಹಾಕುತ್ತಿದೆ, ನನಗೆ ಬರುತ್ತಿಲ್ಲ ಎಂದು ಆಗ ಗೊತ್ತಾಯಿತು. ಸುಮ್ಮನೆ ಒತ್ತಿಬಿಡೋಣವೇ ಎಂದೂ ಅನ್ನಿಸಿತು, ಪರೀಕ್ಷೆಯಲ್ಲಿ ಗೊತ್ತಿಲ್ಲದ ಪ್ರಶ್ನೆಗೆ ಟಿಕ್ ಹಾಕಿದ ಹಾಗೆ. ಒಂದೊಂದೇ ಕಣ್ಣು ಮುಚ್ಚಿ ನೋಡಿದರೂ ಅಷ್ಟೇ, ಎರಡು ಕಣ್ಣಿಗೂ ಎಡಗಡೆಯಿಲ್ಲ. ಡಾಕ್ಟರಮ್ಮ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತಾಗಲೇ ನನಗೆ ತಿಳಿಯಿತು, ನಿಂತು ಹೇಳುವ ಸುದ್ದಿ ಇದಲ್ಲವೆಂದು. "ನಿಮ್ಮ ಕಣ್ಣು ಚೆನ್ನಾಗಿದೆ ಅಮ್ಮ. ಕಣ್ಣು ಕಳಿಸಿದ್ದನ್ನ ತಲೆಯೊಳಗೆ ತಗೊಳ್ಳೋ ಜಾಗದಲ್ಲಿ ಏನೋ ಅಡ್ಡ ಇದೆ. ಸ್ಕ್ಯಾನ್ ಮಾಡಿಸೋಣ, ತಡ ಬೇಡ" ಅಂದರು.

ತಲೆಯ ಹಿಂಭಾಗದಲ್ಲಿ, ಬಲಗಡೆ, ಒಂದು ಗಡ್ಡೆ. ಬರುವ ಶುಕ್ರವಾರ ಬೆಳಿಗ್ಗೆ ತೆಗೆಯುತ್ತಾರೆ. ಕೆಟ್ಟ ಜಾತಿಯದ್ದಲ್ಲ ಅನ್ನಿಸುತ್ತದೆ, ಆದರೆ ತೆಗೆದು ಪರೀಕ್ಷೆ ಮಾಡುವ ತನಕ ಮಾತು ಕೊಡಲಾಗದು ಎಂದರು. ಹೋದ ನೋಟ ವಾಪಸು ಬಂದರೂ ಬರಬಹುದು, ಬಾರದಿದ್ದರೂ ಇಲ್ಲ. ಬಿಟ್ಟರೆ ಇನ್ನಷ್ಟು ಹೋಗುತ್ತದೆ. ಅಯ್ಯೋ, ನೀನು ಅಳುತ್ತಿದ್ದೀಯ ಎಂದು ಗೊತ್ತು. ಸ್ವಲ್ಪ ತಾಳು, ಬಾಯಿ ಹಾಕಬೇಡ.

ಇವರು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಊಟದಲ್ಲಿ ನಾನು ಅರ್ಧ ತಟ್ಟೆ ಬಿಟ್ಟು ಏಳಲು ಹೋದರೆ ಏನೂ ಅನ್ನದೆ ತಟ್ಟೆ ತಿರುಗಿಸುತ್ತಾರೆ. ಈ ಹಾಳೆಗಳ ಎಡತುದಿಯಲ್ಲಿ ಕೆಂಪು ಗೆರೆ ಎಳೆದುಕೊಟ್ಟವರೂ ಅವರೇ. ಅದು ಕಾಣುವ ತನಕ ಕಣ್ಣು ಹಿಂದಕ್ಕೆ ತಂದು ಸಾಲು ಶುರುಮಾಡಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದಾರೆ. ಮೇಷ್ಟ್ರು ಬಂದು ಹೋದರು. ಏನು ಮಾತಾಡಬೇಕೋ ತಿಳಿಯದೆ, "ನಿಮ್ಮ ಹತ್ರನೇ ಕಲೀತೀನಿ ಮೇಡಂ, ಆತುರ ಇಲ್ಲ" ಎಂದು ಬಾಗಿಲಲ್ಲೇ ಹೇಳಿ ಚಪ್ಪಲಿ ಮೆಟ್ಟಿಕೊಂಡರು. ಬ್ಲಾಗಿನಲ್ಲಿ ಕೆಲವು ದಿನ ಬರೆಯುವುದಿಲ್ಲವೆಂದು ಎರಡು ಸಾಲು ಹಾಕಿದ್ದೇನೆ, ಕಾರಣ ಹೇಳಿಲ್ಲ. ತಲೆಹರಟೆ ಮಾತ್ರ, "ಕೋಪವೇ? ನಾನು ತಮಾಷೆ ಮಾಡಿದ್ದು" ಎಂದು ಬರೆದಿದ್ದಾನೆ. ಪಾಪ, ಅವನಿಗೇನು ಗೊತ್ತು.

ಭಯ ಯಾವುದರದ್ದು ಎಂದು ನೀನು ಕೇಳಬಹುದು. ತಲೆ ಬೋಳಿಸುವುದಕ್ಕೂ ಸೂಜಿಗೂ ನಾನು ಹೆದರುತ್ತಿಲ್ಲ. ಎಡಗಡೆ ಕತ್ತಲೆಯಾಗಿದ್ದರೆ ನಾನು ಎಂದೋ ಡಾಕ್ಟರ ಬಳಿ ಓಡುತ್ತಿದ್ದೆ. ಕತ್ತಲೆ ಇರಲೇ ಇಲ್ಲ ಅಕ್ಕಾ. ಲೋಕ ಪೂರ್ತಿ ಇದ್ದಂತೆಯೇ ಇತ್ತು, ಅರ್ಧ ಹೋಗಿದ್ದು ನನಗೆ ತಿಳಿಯಲಿಲ್ಲ. ಇವರು ಕೂತಿದ್ದ ಬೆಂಚು ನನಗೆ ಖಾಲಿಯಾಗಿಯೇ ಕಂಡಿತ್ತು, ಅದರಲ್ಲಿ ಒಂದಿಷ್ಟೂ ಕೊರತೆ ಇರಲಿಲ್ಲ. ಶುಕ್ರವಾರ ಆ ಗಡ್ಡೆಯ ಜೊತೆ ಇನ್ನೇನಾದರೂ ಹೋದರೆ? ಒಂದು ಮುಖ, ಒಂದು ಹೆಸರು, ನಾವು ಒಂದೇ ಹೊದಿಕೆಯಲ್ಲಿ ಕಾಲು ಎಳೆದಾಡಿಕೊಂಡು ಮಲಗುತ್ತಿದ್ದದ್ದು, ಇಂಥದ್ದೇನಾದರೂ ಹೋಗಿ, ಹೋಗಿದೆ ಎಂದು ನನಗೇ ಗೊತ್ತಾಗದಿದ್ದರೆ? ಕಳೆದುಹೋಗಿದೆ ಎಂದು ತಿಳಿದರೆ ತಾನೇ ಹುಡುಕುವುದು? ಈ ಯೋಚನೆ ಬಂದಾಗ ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ, ಲೋಟವಾದರೆ ಲೋಟ, ಇವರ ತೋಳಾದರೆ ತೋಳು.

ಇನ್ನು ಬರೆದರೆ ಸಾಲು ಬಗ್ಗುತ್ತದೆ. ಅಮ್ಮನಿಗೆ ನನ್ನ ನಮಸ್ಕಾರ ಹೇಳು, ಕೆಲಸ ಜಾಸ್ತಿ, ಅದಕ್ಕೇ ಫೋನ್ ಮಾಡುತ್ತಿಲ್ಲ ಅಂತ ಹೇಳು. ಮಂಡಿಗೆ ಬಿಸಿನೀರಿನ ಶಾಖ ಕೊಡುವುದು ತಪ್ಪಿಸಬೇಡ. ನಿನಗೆ ಒಳ್ಳೆಯದಾಗಲಿ, ಚಿಕ್ಕವಳಾದ ನಾನು ಹಾರೈಸಿದರೂ ಫಲಿಸುತ್ತದಂತೆ.

ಇಂತಿ,
ಎಲ್ಲಿ ಹೋದರೂ ಹಿಂದೆಯೇ ಬರುತ್ತಿದ್ದ
ನಿನ್ನ ಬಾಲ

ಮರೆತಿದ್ದೆ: ಇವರು ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಬಾ ಅಕ್ಕಾ. ಅಮ್ಮನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಏನು ಸುಳ್ಳು ಬೇಕಾದರೂ ಹೇಳಿ ಗುರುವಾರದೊಳಗೆ ಬಾ. ನನಗೆ ಎಚ್ಚರವಾಗುವಾಗ ಮಂಚದ ಬಲಗಡೆ ನಿಂತಿರು, ಎಡಗಡೆ ನಿಂತರೆ ನೀನು ಬಂದೇ ಇಲ್ಲ ಅಂದುಕೊಳ್ಳುತ್ತೇನೆ. ಮತ್ತೆ, ನಾನು ಕಣ್ಣು ಬಿಟ್ಟ ಕೂಡಲೇ ನಮ್ಮ ಚಿಕ್ಕಂದಿನದು ಏನಾದರೂ ಕೇಳು. ನಾನು ತಪ್ಪು ಹೇಳಿದರೆ, ಇವರ ಹಾಗೆ ಸುಮ್ಮನಿರಬೇಡ. ನಡುವೆ ಬಾಯಿ ಹಾಕು.