ಫ್ಲೈಓವರ್ ಮೇಲಿನ ಆರನೇ ಓಟ

ಆಗಸ್ಟ್ 16, ಶನಿವಾರ
ಮತ್ತೆ ಸಪಾಟು ರಸ್ತೆ, ಮತ್ತೆ ಅದೇ ಓಟ. ಜಿಲ್ಲಾ ಕ್ರಾಸ್ ಕಂಟ್ರಿ ಸ್ಪರ್ಧೆ ಇರುವುದು ಏರು-ತಗ್ಗಿನ ಜಾಗದಲ್ಲಿ. ನನ್ನ ಸ್ಕೂಲ್ ಮಕ್ಕಳಿಗೆ ಏರು ಎಂದರೆ ಲಿಫ್ಟ್. ಮೈಸೂರಾಗಿದ್ದರೆ ಬೆಟ್ಟ ಹತ್ತಿಸುತ್ತಿದ್ದೆ, ಈ ಚೆನ್ನೈಯಲ್ಲಿ ಟಿ. ನಗರದ ಫ್ಲೈಓವರೇ ಗತಿ. ಬೆಳಗ್ಗೆ ಐದಕ್ಕೆ ಖಾಲಿ ಇರುತ್ತದಂತೆ. “ಕೆಳಗೆ ಸ್ಕೂಟರ್ ಅಡ್ಡ ಇಟ್ಕೊಂಡು ನಾನು ನಿಲ್ತೀನಿ ಕಣೇ, ನೀನು ಓಡ್ಸು,” ಎಂದ ಸುಘೋಷ. ಮದುವೆಯಾಗಿ ಎರಡೇ ತಿಂಗಳು... ಇಂಥ ಗಂಡ ಯಾರಿಗಿದ್ದಾನೆ?

ಆಗಸ್ಟ್ 18
ಎಂಟು ಸಲ ಏರು. ಉಳಿದವರು ಕಂಬಿ ಹಿಡಿದು ನಿಂತರು. ವಿಭಾ ಎಂಟೂ ಓಡಿದಳು. ಹದಿನಾಲ್ಕು ವರ್ಷ, ನಮ್ಮ ಬೀದಿಯವಳೇ. ಮುದ್ದು ಮಾಡಬೇಕೆನಿಸಿತು.

ಆಗಸ್ಟ್ 19
ಮನೆಯಲ್ಲಿ ಏಕಾದಶಿ, ಒಲೆ ಹಚ್ಚಲಿಲ್ಲ. ನಾನೂ ಸುಘೋಷನೂ ಹೊರಗೆ ಕದ್ದು ತುಪ್ಪದ ದೋಸೆ ತಿಂದೆವು. ಸ್ವರ್ಗ.

ಆಗಸ್ಟ್ 20, ಬೆಳಗ್ಗೆ 7
ತಲೆ ಕೆಟ್ಟಿದೆ. ಆರನೇ ಓಟದ ಮಧ್ಯೆ ವಿಭಾ ಕೂತುಬಿಟ್ಟಳು. “ಮುಡಿಯಲ ಮಿಸ್. ಆಗ್ತಿಲ್ಲ.” ಮೊನ್ನೆ ಎಂಟು ಓಡಿದವಳು! “ನಾಟಕ ಬೇಡ. ಏರು ಕಂಡ್ರೆ ಕೂರೋರ ಹೆಸರು ನಾನು ಕಳಿಸಲ್ಲ,” ಎಂದೆ, ಎಲ್ಲರೆದುರಿಗೆ. ಎದ್ದು ನಡೆದು ಹೋದಳು. ಶನಿವಾರ ಹತ್ತಕ್ಕೆ ಪಟ್ಟಿ ಕಳಿಸಬೇಕು. ಅವಳಿಲ್ಲದೆ ಟೀಮೇ ಇಲ್ಲ.

8.15
ಅತ್ತೆ ಉಪವಾಸ ಬಿಡುವ ಪಾರಣೆ ಊಟ ಮುಗಿಸಿ ಎಲೆ ತೆಗೆಯುತ್ತಿದ್ದರು. ನನ್ನ ಗೋಳು ಹೇಳಿಕೊಂಡೆ. ಅವರ ಕೈ ನಿಂತಿತು.
“ದ್ವಾದಶಿ ಬೆಳಗ್ಗೆ ಓಡ್ಸಿದ್ಯಾ? ಆ ಹುಡುಗಿ ಅಜ್ಜಿ ಜೊತೆ ಉಪವಾಸ ಮಾಡ್ತಾಳೆ. ನೀರೂ ಮುಟ್ಟಲ್ಲ. ಬೀದಿಗೆಲ್ಲಾ ಗೊತ್ತು.”
“ನಂಗೆ ಗೊತ್ತಿರ್ಲಿಲ್ಲ ಅತ್ತೆ.”
“ಏಕಾದಶಿ ಅಂತ ಗೊತ್ತಿತ್ತಲ್ಲಮ್ಮ. ಇಲ್ದಿದ್ರೆ ದೋಸೆಗೆ ಯಾಕೆ ಹೊರಗೆ ಹೋಗ್ತಿದ್ರಿ?”
ಸುಘೋಷ ಪೇಪರ್ ಎತ್ತಿ ಮುಖಕ್ಕೆ ಹಿಡಿದ.
ಇಡೀ ದಿನ ಹಸಿದ ಮಗುವನ್ನು ಏರಿಗೆ ಓಡಿಸಿದೆ. ಮೇಲೆ ನಾಟಕ ಎಂದೆ.

ಆಗಸ್ಟ್ 21
ಅವರ ಮನೆಗೆ ಹೋದೆ. ಅಜ್ಜಿ ಕೂರು ಎನ್ನಲಿಲ್ಲ. ವಿಭಾ ಬಾಗಿಲ ಸಂದಿಯಲ್ಲಿ.
“ನನಗೆ ಯಾಕೆ ಹೇಳ್ಲಿಲ್ಲ?”
“ಹೋದ ವರ್ಷ ಪಿ.ಟಿ. ಸರ್‌ಗೆ ಉಪವಾಸ ಅಂತ ಹೇಳಿದೆ ಮಿಸ್. ಎಲ್ಲರ ಮುಂದೆ ನಕ್ಕರು.”
ನಾನು ನಗಲಿಲ್ಲ, ಬೈದೆ. ಏನು ವ್ಯತ್ಯಾಸ? ಸಾರಿ ಎಂದೆ. “ಇಟ್ಸ್ ಓಕೆ ಮಿಸ್,” ಎಂದು ಒಳಗೆ ಹೋದಳು. ಬರುತ್ತೇನೆಂದು ಹೇಳಲಿಲ್ಲ.

ಆಗಸ್ಟ್ 23, ಬೆಳಗ್ಗೆ 5.20, ಫ್ಲೈಓವರ್
ಟೈಮಿಂಗ್ ಬರೆಯುವ ನೋಟ್‌ಬುಕ್ಕಿನಲ್ಲೇ ಗೀಚುತ್ತಿದ್ದೇನೆ. ತಪ್ಪು ನನ್ನದು ಎಂದು ಮಕ್ಕಳ ಮುಂದೆ ಹೇಳಿದೆ. ಕೇಳಬೇಕಾದವಳೇ ಇರಲಿಲ್ಲ. ಪಟ್ಟಿಯಲ್ಲಿ ಒಂದು ಸಾಲು ಖಾಲಿ.
ಈಗ ಕೆಳಗಿನಿಂದ ಸುಘೋಷನ ಫೋನ್. “ವಿಭಾ ಬಂದಿದಾಳೆ. ಅಜ್ಜಿನೂ. ಅವರಿಗೆ ಹತ್ತೋಕಾಗಲ್ಲ. ಮೊದಲು ಮಿಸ್ ಹತ್ರ ಮಾತಾಡ್ಬೇಕು, ಆಮೇಲೆ ಹುಡುಗೀನ ಬಿಡ್ತೀನಿ ಅಂತಿದಾರೆ. ನೀನೇ ಇಳಿದು ಬಾ.”
ಮಕ್ಕಳನ್ನೂ ಕರೆದುಕೊಂಡೇ ಇಳಿಯುತ್ತೇನೆ. ಬೈದದ್ದು ಅವರೆದುರು, ಹಾಗಾಗಿ ಈಗ ಅವಳಿಗೆ ಸಾರಿ ಹೇಳುವುದೂ ಅವರೆದುರೇ.