ನನ್ನ ಮಗನ ಹೊಸ ಹುದ್ದೆಯ ಬಗ್ಗೆ

ವಿಶ್ವವಿದ್ಯಾಲಯದ ವಿದ್ಯಾರ್ಥಿ ಕ್ಷೇಮ ವಿಭಾಗದ ಡೀನ್ ಅವರಿಗೆ,

ಮಾನ್ಯರೇ,

ಬರುವ ಶುಕ್ರವಾರದಿಂದ ನನ್ನ ಮಗ ನಿಮ್ಮ ಕ್ಯಾಂಪಸ್ಸಿನ ಒಂದು ಸೋದರ ಸಂಘದ ಮನೆಯಲ್ಲಿ, ಅಂದರೆ ಫ್ರಾಟರ್ನಿಟಿಯಲ್ಲಿ, ಹೊಸದಾಗಿ ಸೇರುವ ಹುಡುಗರನ್ನು ಹಿಂಸಿಸಲಿದ್ದಾನೆ. ಅವನನ್ನು ತಡೆಯಿರಿ ಎಂದು ಕೇಳಿಕೊಳ್ಳಲು ನಿಮ್ಮ ಕಚೇರಿಗೆ ಫೋನ್ ಮಾಡಿದೆ. ನನಗೆ ಸಿಕ್ಕಿದ್ದು ಅಭಿನಂದನೆ. ರ‍್ಯಾಗಿಂಗ್ ತಡೆಯುವ ತರಬೇತಿಯಲ್ಲಿ ಇಡೀ ವಿಶ್ವವಿದ್ಯಾಲಯಕ್ಕೇ ಮೊದಲು ಬಂದ ಮನೆ ಅದು, ಅಲ್ಲಿಯ ಹುಡುಗರು ಯಾರನ್ನಾದರೂ ಹಿಂಸಿಸುವುದು ಹೇಗೆ ಸಾಧ್ಯ ಎಂದು ನಿಮ್ಮವರು ನನ್ನನ್ನೇ ಕೇಳಿದರು. ಹೇಗೆ ಸಾಧ್ಯ ಎಂದು ವಿವರಿಸಲು ಈ ಪತ್ರ. ಊರಿನ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿರುವುದಕ್ಕೆ ಕ್ಷಮಿಸಿ. ನಿಮ್ಮ ಫೋನಿನಲ್ಲಿ ಕಾಯುವವರಿಗೆ ಹಾಕುವ ಪಿಟೀಲು ಕೇಳಿ ಕೇಳಿ ನನಗೆ ಸಾಕಾಗಿದೆ.

ನಾನು ಅಯೋವಾದ ಒಂದು ಸಣ್ಣ ಊರಿನಲ್ಲಿ ಹದಿಹರೆಯದವರಿಗೆ ಕಾರು ಓಡಿಸಲು ಕಲಿಸುವವಳು. ನನ್ನ ಮಗ ಹೋದ ವರ್ಷ ನಿಮ್ಮಲ್ಲಿಗೆ ಬಂದ. ಮೊದಲ ತಿಂಗಳಿಡೀ ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಅವನ ಫೋನ್ ಬರುತ್ತಿತ್ತು. ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಬ್ರೆಡ್ಡು ಅಗಿಯುವ ಸದ್ದು ಕೇಳುತ್ತಿತ್ತು, ಅಷ್ಟೆ. ಒಂದು ದಿನ ಪಕ್ಕದಲ್ಲಿ ಹುಡುಗಿಯೊಬ್ಬಳು ಬ್ರೇಕ್ ಬದಲು ಆಕ್ಸಿಲರೇಟರ್ ತುಳಿಯುತ್ತಿದ್ದಳು, ಆಮೇಲೆ ಮಾತಾಡೋಣ ಅಂದೆ. ಅವನು, "ಇಡ್ಬೇಡಮ್ಮ. ಇನ್ನೂ ಅರ್ಧ ತಟ್ಟೆ ಇದೆ. ಫೋನ್ ಇಟ್ರೆ ಒಬ್ನೇ ತಿಂತಿದೀನಿ ಅಂತ ಎಲ್ರಿಗೂ ಗೊತ್ತಾಗತ್ತೆ" ಅಂದ. ನಿಮ್ಮ ಊಟದ ಹಾಲ್ ಬಹಳ ದೊಡ್ಡದು, ಹೊಳೆಯುವ ಬ್ರೋಷರಿನಲ್ಲಿ ಅದರ ಚಿತ್ರ ನೋಡಿದ್ದೇನೆ. ಅಷ್ಟು ಜನರ ನಡುವೆ ಒಬ್ಬನೇ ಕೂತು ತಿನ್ನುವ ಹುಡುಗನನ್ನು ಯಾರು ಮೊದಲು ಗುರುತಿಸುತ್ತಾರೆ ಎಂದು ನಿಮ್ಮ ಕಚೇರಿ ಎಂದಾದರೂ ಯೋಚಿಸಿದೆಯೇ? ಗುರುತಿಸಿದವರು ನೀವಲ್ಲ. ಆ ಮನೆಯ ಇಬ್ಬರು ಹುಡುಗರು ಬಂದು ಅವನ ಮೇಜಿಗೆ ಕೂತು ಹೆಸರು ಕೇಳಿದರು.

ಹೆಸರು ಕೇಳಿದವರೇ ವಾರ ಕಳೆಯುವುದರೊಳಗೆ ಅದನ್ನು ಕಿತ್ತುಕೊಂಡು 'ಕುರ್ಚಿ' ಎಂದು ಕರೆಯತೊಡಗಿದರು. ಆ ಮನೆಯ ಬಾಗಿಲ ಮೇಲೆ ಮೂರು ಗ್ರೀಕ್ ಅಕ್ಷರಗಳಿವೆ, ಸಂಘದ ಹೆಸರೇ ಅದು. ಒಳಗಿರುವವರಲ್ಲಿ ನಾಲ್ಕನೆಯ ಅಕ್ಷರ ಗೊತ್ತಿರುವವರು ಯಾರೂ ಇದ್ದಂತಿಲ್ಲ. ಆದರೆ ಸಂಪ್ರದಾಯ ಮಾತ್ರ ಪ್ರಾಚೀನವಂತೆ. ಭಾನುವಾರ ಬೆಳಿಗ್ಗೆ ಹೊಸಬರು ಗೋಡೆಗೆ ಬೆನ್ನು ಕೊಟ್ಟು, ಇಲ್ಲದ ಕುರ್ಚಿಯ ಮೇಲೆ ಕೂತಂತೆ ಮೊಣಕಾಲು ಮಡಚಿ ನಿಲ್ಲಬೇಕು. ಹಿರಿಯ ಸೋದರ ಎದುರಿಗೆ ನಿಜವಾದ ಕುರ್ಚಿ ಎಳೆದುಕೊಂಡು, ಇವರ ತೊಡೆಯ ಮೇಲೆ ತಟ್ಟೆ ಇಟ್ಟು, ಪ್ಯಾನ್‌ಕೇಕ್ ತಿನ್ನುತ್ತಾನೆ. ಸಾವಕಾಶವಾಗಿ ತಿನ್ನುತ್ತಾನೆ. ತಟ್ಟೆ ಅಲುಗಿದರೆ ಇನ್ನೊಬ್ಬ ಹಿರಿಯನಿಗೆ ಹಸಿವಾಗುತ್ತದೆ. ನನ್ನ ಮಗನ ತಟ್ಟೆ ಅಲುಗುತ್ತಿರಲಿಲ್ಲವಂತೆ, ಆ ಹೆಸರು ಅದಕ್ಕಾಗಿ ಕೊಟ್ಟ ಬಿರುದು. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಮಧ್ಯಾಹ್ನದ ಫೋನು ನಿಂತಿತ್ತು. ಮಗನಿಗೆ ಗೆಳೆಯರು ಸಿಕ್ಕರು ಎಂದು ನಾನು ಖುಷಿಯಾಗಿದ್ದೆ.

ನವೆಂಬರಿನಲ್ಲಿ ಅವನ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿತು. ತೊಡೆಯ ಸ್ನಾಯು ಕರಗಿ ರಕ್ತಕ್ಕೆ ಸೇರಿದೆ, ಮೂತ್ರಪಿಂಡ ಕೆಡುತ್ತಿದೆ ಎಂದು ವೈದ್ಯೆ ಹೇಳಿದರು. "ಜಿಮ್ಮಲ್ಲಿ ಸ್ವಲ್ಪ ಜಾಸ್ತಿ ಆಯ್ತು ಡಾಕ್ಟ್ರೇ" ಅಂದ ನನ್ನ ಮಗ. ಮರುದಿನ ಆ ಮನೆಯ ಹುಡುಗರೆಲ್ಲ ಬಲೂನು, ಪಿಜ್ಜಾ ಹಿಡಿದು ವಾರ್ಡಿಗೆ ಬಂದರು. "ಏನೋ ಕುರ್ಚಿ, ಕಾಲು ಮುರ್ಕೊಂಡ್ಯಾ? ರಿಪೇರಿ ಮಾಡ್ಸಿ ಹೊತ್ಕೊಂಡ್ ಹೋಗ್ತೀವಿ ಬಿಡು" ಅಂದ ಒಬ್ಬ. ಎಲ್ಲರೂ ನಕ್ಕರು, ನನ್ನ ಮಗ ಎಲ್ಲರಿಗಿಂತ ಜೋರಾಗಿ ನಕ್ಕ. ಅವರು ಹೋದ ಮೇಲೆ ದಿಂಬಿಗೆ ಮುಖ ಒತ್ತಿ ಅತ್ತ. ನೋವೇನೋ ಎಂದು ನಾನು ನರ್ಸನ್ನು ಕೂಗಹೊರಟೆ. ಅವನು ನನ್ನ ಕೈ ಹಿಡಿದು, "ನೋಡಿದ್ಯಾಮ್ಮ, ಎಲ್ರೂ ಬಂದಿದ್ರು. ಒಬ್ರೂ ತಪ್ಪಿಸ್ಲಿಲ್ಲ" ಅಂದ.

ಇನ್ನು ನಿಮ್ಮ ತರಬೇತಿಯ ವಿಷಯಕ್ಕೆ ಬರುತ್ತೇನೆ. ಸೋದರ ಸಂಘಗಳ ಪ್ರತಿ ಸದಸ್ಯನೂ ಕಂಪ್ಯೂಟರಿನ ಮುಂದೆ ಕೂತು ರ‍್ಯಾಗಿಂಗ್ ವಿರೋಧಿ ಪಾಠ ಓದಿ, ಪ್ರಶ್ನೆಗಳಿಗೆ ಉತ್ತರ ಒತ್ತಬೇಕು ಎಂದು ಅಪ್ಪಣೆ ಮಾಡಿದವರು ನೀವು. ಎಲ್ಲ ಸದಸ್ಯರೂ ಪೂರ್ತಿ ಅಂಕದೊಂದಿಗೆ ಮುಗಿಸಿದ ಏಕೈಕ ಮನೆ ಅದು. ವಸಂತದಲ್ಲಿ ಪೋಷಕರ ದಿನ ಹುಲ್ಲುಹಾಸಿನ ಮೇಲೆ ವೇದಿಕೆ ಕಟ್ಟಿಸಿ, ಹಿತ್ತಾಳೆಯ ಫಲಕವನ್ನು ನೀವೇ ಕೊಟ್ಟಿರಿ. ಮನೆಯ ಪರವಾಗಿ ಅದನ್ನು ತೆಗೆದುಕೊಂಡವನು ನನ್ನ ಮಗ. ನೀವು ಅವನ ಬೆನ್ನು ತಟ್ಟಿದಿರಿ. ನಾನೂ ಕ್ಯಾಸರೋಲ್ ಪಾತ್ರೆ ಕೆಳಗಿಟ್ಟು ಚಪ್ಪಾಳೆ ತಟ್ಟಿದೆ. ಆ ಅಂಕಗಳು ಎಲ್ಲಿಂದ ಬಂದವು ಎಂದು ನನಗೆ ತಿಳಿದದ್ದು ಆಗಸ್ಟಿನಲ್ಲಿ. ನಾವಿಬ್ಬರೂ ಜಗಲಿಯ ಮೇಲೆ ಕೂತು ಜೋಳದ ತೆನೆ ಸುಲಿಯುತ್ತಿದ್ದೆವು.

"ಅಮ್ಮ, ನಂಗೆ ಹುದ್ದೆ ಸಿಕ್ತು. ಹೊಸ ಸದಸ್ಯರ ಶಿಕ್ಷಕ."

"ಏನು ಕಲಿಸ್ಬೇಕು?"

"ಒಗ್ಗಟ್ಟು."

"ಅದನ್ನ ಹೆಂಗೋ ಕಲಿಸ್ತಾರೆ?"

ಅವನು ನಗುತ್ತ ಎದ್ದು, ಜಗಲಿಯ ಗೋಡೆಗೆ ಒರಗಿ, ಮೊಣಕಾಲು ಮಡಚಿ ತೋರಿಸಿದ. ಪ್ಯಾನ್‌ಕೇಕಿನ ಕಥೆ ಹೇಳತೊಡಗಿದ. ಕಥೆ ಮುಗಿಯುವ ಮೊದಲೇ ಕಾಲು ನಡುಗಿ ನೆಲಕ್ಕೆ ಜಾರಿದ. ಆಸ್ಪತ್ರೆಯಿಂದ ಬಂದ ಮೇಲೆ ಅವನ ಕಾಲಿನ ಕಸುವು ಪೂರ್ತಿ ಮರಳಿಲ್ಲ. ನೆಲದ ಮೇಲೆ ಕೂತೇ ನಗುತ್ತಿದ್ದ.

"ಆಸ್ಪತ್ರೆ ಸೇರಿದ್ದು ಇದಕ್ಕೇನಾ?"

"ಅದು ನನ್ ತಪ್ಪಮ್ಮ. ನೀರು ಕುಡಿದಿರ್ಲಿಲ್ಲ."

"ಕುಡಿಯೋಕೆ ಬಿಟ್ಟಿದ್ರಾ?"

"ಕೇಳ್ಬೇಕಿತ್ತು. ನಾನು ಕೇಳ್ಲಿಲ್ಲ. ಕೇಳಿದೋರು ಅಳುಬುರುಕರು."

"ಮತ್ತೆ ಆ ಫಲಕ? ರ‍್ಯಾಗಿಂಗ್ ಮಾಡಬಾರ್ದು ಅಂತ ಎಲ್ರೂ ಪಾಠ ಓದಿದ್ರಲ್ಲ?"

"ಎಲ್ರೆಲ್ಲಿ ಓದ್ತಾರೆ, ಹಿರಿಯರಿಗೆ ಪುರುಸೊತ್ತು ಬೇಡ್ವಾ? ಇಡೀ ಮನೇದು ನಾವು ಹೊಸಬರೇ ಮಾಡಿದ್ದು. ಉತ್ತರ ತಪ್ಪಾದ್ರೆ ಗೋಡೆಗೆ ನಿಲ್ಲೋದು. ನಾನು ಮಾತ್ರ ಒಂದೂ ತಪ್ಪು ಮಾಡ್ಲಿಲ್ಲ."

ಮಾನ್ಯರೇ, ಇದನ್ನು ದಯವಿಟ್ಟು ಇನ್ನೊಮ್ಮೆ ಓದಿ. ನಿಮ್ಮ ಪಾಠದಲ್ಲಿ ಒಂದು ಪ್ರಶ್ನೆ ಇದೆಯಂತೆ: ಹೊಸ ಸದಸ್ಯರಿಂದ ಹಿರಿಯರ ಕೆಲಸ ಮಾಡಿಸಿಕೊಳ್ಳುವುದು ರ‍್ಯಾಗಿಂಗ್ ಹೌದೋ ಅಲ್ಲವೋ? ಒಬ್ಬ ಹಿರಿಯನ ಹೆಸರಿನಲ್ಲಿ 'ಹೌದು' ಒತ್ತಿ, ಮುಂದಿನ ಹಿರಿಯನ ಹೆಸರಿನಲ್ಲಿ ಮತ್ತೆ 'ಹೌದು' ಒತ್ತುತ್ತ ನನ್ನ ಮಗ ನಿಮಗೆ ನೂರಕ್ಕೆ ನೂರು ತಂದುಕೊಟ್ಟ. ರ‍್ಯಾಗಿಂಗ್ ತಡೆಯಲು ಹೊರಟ ನಿಮ್ಮ ಕಚೇರಿ ರ‍್ಯಾಗಿಂಗಿಗೆ ಒಂದು ಹೊಸ ಬಾಬ್ತನ್ನು ಒದಗಿಸಿ, ಅದಕ್ಕೆ ಹಿತ್ತಾಳೆಯ ಫಲಕವನ್ನೂ ಕೊಟ್ಟಿತು. ನನ್ನ ವೃತ್ತಿಯಲ್ಲಿ ಒಬ್ಬನ ಪರೀಕ್ಷೆಗೆ ಇನ್ನೊಬ್ಬ ಕಾರು ಓಡಿಸಿದರೆ ಇಬ್ಬರಿಗೂ ಶಿಕ್ಷೆ. ನಿಮ್ಮ ವೃತ್ತಿಯಲ್ಲಿ ಅದಕ್ಕೆ ಏನೆನ್ನುತ್ತಾರೆ, ಶೇಕಡಾವಾರು ಸಾಧನೆಯೇ?

ನನ್ನ ಮಗ ಕೆಟ್ಟವನಲ್ಲ. ಎಲ್ಲ ತಾಯಂದಿರೂ ಹೀಗೇ ಹೇಳುತ್ತಾರೆ ಎಂದು ನೀವು ನಗಬಹುದು, ನಗಿ. ಆದರೆ ಕೆಟ್ಟವನಾಗಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಅಂದು ಪಟ್ಟ ನೋವು ದಂಡಕ್ಕೆ ಎಂದು ಒಪ್ಪಿಕೊಂಡರೆ ಅವನ ಪಾಲಿಗೆ ಉಳಿಯುವುದು ಸೋತ ಕಾಲು ಮತ್ತು ಊಟದ ಹಾಲಿನ ಆ ಖಾಲಿ ಮೇಜು. ನೋವಿಗೆ ಏನೋ ಬೆಲೆ ಇತ್ತು ಎಂದು ನಂಬಬೇಕಾದರೆ ಆ ಮನೆಯನ್ನು ಇನ್ನಷ್ಟು ಪ್ರೀತಿಸಬೇಕು, ಮತ್ತು ಅದೇ ನೋವನ್ನು ಉಡುಗೊರೆಯೆಂದು ಇನ್ನೊಬ್ಬನ ಕೈಗೆ ದಾಟಿಸಬೇಕು. ಅವನಿಗೆ ಅದನ್ನು ಕೊಟ್ಟ ಹುಡುಗರೂ ಹಾಗೇ ಪಡೆದವರು. ಅವರಲ್ಲಿ ಒಬ್ಬನಿಗೂ ಇದು ಕ್ರೌರ್ಯ ಅನ್ನಿಸುವುದಿಲ್ಲ, ಪ್ರೀತಿ ಅನ್ನಿಸುತ್ತದೆ. ಅದನ್ನು ನಿಮ್ಮ ಪಾಠದ ಯಾವ ಪ್ರಶ್ನೆ ಮುಟ್ಟುತ್ತದೆ?

ನಿಮ್ಮ ಕಚೇರಿಯಲ್ಲಿ ನನ್ನ ಫೋನ್ ಎತ್ತಿದ ಹುಡುಗಿಯನ್ನು ನಾನು ದೂರುವುದಿಲ್ಲ, ಬಹಳ ವಿನಯದ ಹುಡುಗಿ. "ನೋವಾಗಿರೋದು ನಿಮಗಲ್ವಲ್ಲ ಮೇಡಂ. ನೋವಾದ ವಿದ್ಯಾರ್ಥಿನೇ ಬಂದು ಹೇಳ್ಬೇಕು" ಅಂದಳು. ಅವನು ಹೇಳುವುದಿಲ್ಲ, ಅವನಿಗೆ ನೋವೇ ಆಗಿಲ್ಲವಂತೆ, ಅಂದೆ. "ಹಾಗಾದ್ರೆ ಮುಂದೆ ನೋವು ಮಾಡೋರ ಹೆಸರಾದ್ರೂ ಹೇಳಿ. ಹೆಸರಿಲ್ದೆ ದೂರು ತಗೊಳ್ಳೋಕಾಗಲ್ಲ" ಅಂದಳು. ನಾನು ಬಾಯಿ ತೆರೆದೆ. ಹೆಸರು ಬರಲಿಲ್ಲ. ಫೋನ್ ಇಟ್ಟುಬಿಟ್ಟೆ.

ಅಷ್ಟಕ್ಕೇ ಸುಮ್ಮನಾಗುತ್ತಿದ್ದೆನೇನೋ. ಹೋದ ಭಾನುವಾರ ಸೀಡರ್ ರ‍್ಯಾಪಿಡ್ಸ್‌ನಿಂದ ಪೆಟ್ರಾ ಸ್ವೊಬೊಡಾ ಎಂಬಾಕೆ ಫೋನ್ ಮಾಡಿದರು. ಅವರ ಮಗ ಮಿಲೋ ಶುಕ್ರವಾರ ಆ ಮನೆ ಸೇರುವವರಲ್ಲಿ ಒಬ್ಬ. ಪೋಷಕರ ಬಳಗದಲ್ಲಿ ನನ್ನ ನಂಬರು ಸಿಕ್ಕಿತಂತೆ.

"ನಮ್ಮ ಮಿಲೋ ಸ್ವಲ್ಪ ಮೌನಿ ನೋಡಿ, ಯಾರ್ ಜೊತೆನೂ ಸೇರಲ್ಲ. ನಿಮ್ಮ ಮಗನೇ ಹೊಸಬರನ್ನ ನೋಡ್ಕೊಳ್ಳೋದಂತೆ, ಫಲಕ ಬೇರೆ ಬಂದಿದ್ಯಂತಲ್ಲ. ಕೇಳಿ ನಂಗೆ ನಿರಾಳ ಆಯ್ತು."

"ಅವನನ್ನ ಕಳಿಸ್ಬೇಡಿ. ನನ್ನ ಮಗ ಅವನಿಗೆ ನೋವು ಮಾಡ್ತಾನೆ" ಅಂದೆ.

ಪೆಟ್ರಾ, "ನೀವು ಅವನ ತಾಯಿ ತಾನೇ?" ಎಂದು ಕೇಳಿದರು.

ಅವರು ಮಗನಿಗೆ ಹೇಳಿದರು. ಮಿಲೋ ಏನಂದನಂತೆ ಗೊತ್ತೇ? "ಅಮ್ಮ, ಬಂದಾಗಿಂದ ನನ್ನ ಹೆಸರು ಕೇಳಿದೋರು ಅವ್ರೊಬ್ರೇ. ಇದನ್ನ ಹಾಳ್ ಮಾಡ್ಬೇಡ." ನಾನು ಹೇಳಿದ್ದನ್ನು ಅವನು ನೇರವಾಗಿ ನನ್ನ ಮಗನಿಗೂ ತಲುಪಿಸಿದ, ನಿಷ್ಠೆಯ ಮೊದಲ ಪಾಠವನ್ನು ಆಗಲೇ ಕಲಿತಿದ್ದಾನೆ. ನನ್ನ ಮಗ ಫೋನ್ ಮಾಡಿ, "ಮನೆ ವಿಷ್ಯ ಹೊರಗಿನೋರು ಮಾತಾಡಬಾರ್ದು" ಅಂದ. ಯಾವ ಮನೆ ಎಂದು ನಾನು ಕೇಳಲಿಲ್ಲ, ಹೊರಗಿನವರು ಯಾರು ಎಂದೂ ಕೇಳಲಿಲ್ಲ. ನನ್ನ ಗಂಡ ಲೈಲ್, ಇದನ್ನು ಅಚ್ಚು ಹಾಕಿಸಿದರೆ ಹುಡುಗ ಮತ್ತೆ ನಮ್ಮ ಹೊಸ್ತಿಲು ತುಳಿಯುವುದಿಲ್ಲ ಎನ್ನುತ್ತಾನೆ. ಇರಬಹುದು.

ಆದ್ದರಿಂದ ಮಾನ್ಯರೇ, ಶುಕ್ರವಾರಕ್ಕೆ ಮೊದಲು ನೀವು ಆ ಮನೆಯ ಬಾಗಿಲು ತಟ್ಟಬೇಕು. ಇ-ಮೇಲ್ ಬೇಡ, ಸಮಿತಿ ಬೇಡ, ಇನ್ನೊಂದು ಪಾಠವಂತೂ ಬೇಡವೇ ಬೇಡ. ನಿಮ್ಮ ಕಾಲ ಮೇಲೆ ನೀವೇ ನಡೆದು ಹೋಗಿ. ಹೊಸ ಸದಸ್ಯರ ಶಿಕ್ಷಕನನ್ನು ಹೊರಗೆ ಕರೆಯಿರಿ, ಆ ಹುದ್ದೆಯಿಂದ ತೆಗೆಯಿರಿ, ನಿಮ್ಮ ನಿಯಮದಲ್ಲಿ ಏನು ಶಿಕ್ಷೆ ಇದೆಯೋ ಕೊಡಿ. ಅವನಿಗೆ ಕಲಿಸಿದವರನ್ನೂ ಬಿಡಬೇಡಿ. ಅವನು ನಿಮ್ಮೆದುರು ನಗುತ್ತಾನೆ, ಅದನ್ನು ನಂಬಬೇಡಿ. ಅವನ ಜಾಗದಲ್ಲಿ ನಾಳೆ ಮಿಲೋ ಹಾಗೆ ನಗುತ್ತಿರುತ್ತಾನೆ. ಹೆಸರಿಲ್ಲದೆ ದೂರು ತೆಗೆದುಕೊಳ್ಳುವುದಿಲ್ಲ ಎಂದಿರಲ್ಲ, ಬರೆದುಕೊಳ್ಳಿ. ಅವನ ಹೆಸರು ಗ್ರೇಡಿ ಲುಂಡ್‌ಕ್ವಿಸ್ಟ್. ಅವನು ಹುಟ್ಟಿದ ದಿನ ಆ ಹೆಸರು ಇಟ್ಟವಳು ನಾನು.

ಇಂತಿ,
ಇಂದಿನಿಂದ ಹೊರಗಿನವಳು,
ಡೋರೀನ್ ಲುಂಡ್‌ಕ್ವಿಸ್ಟ್