ಬಾಯಿ ಬಿಡದ ಬಾಟಲಿ

ಶಾಲೆಯ ಲ್ಯಾಬು, ಮಂಗಳವಾರ, ಊಟದ ಬೆಲ್ ಆದ ಮೇಲೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮಾ? ಕೆಮ್ಮು ಕಡಿಮೆ ಆಯ್ತಾ? ನಿನ್ನ ಅತ್ತಿಗೆ ಕೇಳು ಅಂದಳು. ನನ್ನ ಆರೋಗ್ಯ ಮಾತ್ರ ಅವಳು ಕೇಳಲ್ಲ, ಗೊರಕೆಯಲ್ಲೇ ಗೊತ್ತಾಗುತ್ತಂತೆ.

ಶನಿವಾರ ನೀವು ಟೀಚರ್‌ಗಳೆಲ್ಲ ತರಬೇತಿ ಮುಗಿಸಿ ಹೊರಟ ಮೇಲೆ ಲ್ಯಾಬು ಭಣಭಣ ಅಂತಿದೆ. ಉತ್ತರ ಹೇಳಿಕೊಡಬೇಡಿ, ಮಕ್ಕಳೇ ಪ್ರಶ್ನೆ ಹಾಕಿ, ಮಾಡಿ ನೋಡಿ ಕಂಡುಕೊಳ್ಳಲಿ ಅಂತ ಆ ತರಬೇತಿ ಮೇಡಮ್ಮು ಹೇಳಿದ್ದೇ ಹೇಳಿದ್ದು. ಹನ್ನೆರಡು ಬಾಟಲಿ ಅವರೇ ತುಂಬಿಸಿ, ಯಾವುದರಲ್ಲಿ ಏನಿದೆ ಅನ್ನೋ ಪಟ್ಟಿಯನ್ನ ನನಗೂ ತೋರಿಸದೆ ಒಯ್ದರು. ಎದುರಿಗೆ ನಂಬರ್ ಬರೆದರೆ ನೀವು ನಕಲು ಹೊಡೀತೀರಿ ಅಂತ ತಳದಲ್ಲಿ ಬರೆದಿದ್ದು ನಾಲ್ಕನೇ ಕ್ಲಾಸು ಓದಿದ ಈ ಲ್ಯಾಬ್ ಅಟೆಂಡರ್ ಮಹಾಪಂಡಿತನ ಐಡಿಯಾ! ನೀನೇ "ಭೇಷ್ ಅಣ್ಣಾ" ಅಂದೆ. ಹೊರಡುವಾಗ ನಿನ್ನ ನೀರಿನ ಬಾಟಲಿ ಮುಚ್ಚಳ ಒಡೆದಿತ್ತು ಅಂತ ಲ್ಯಾಬಿನ ಅದೇ ತರದ ಹೊಸ ಬಾಟಲಿಗೇ ಕುಡಿಯೋ ನೀರು ತುಂಬಿಸಿ ಅದೇ ಮೇಜಿನ ಮೇಲಿಟ್ಟೆ. ನೀನು ಎತ್ತಿಕೊಂಡು ಓಡಿದೆ, ಒಂದು ಥ್ಯಾಂಕ್ಸೂ ಇಲ್ಲ.

ನಿನ್ನೆ ಅದೇ ಹನ್ನೆರಡನ್ನ ಒಂಬತ್ತನೇ ಕ್ಲಾಸಿಗೆ ಇಟ್ಟೆವು. ಹನ್ನೊಂದು ಉತ್ತರ ಕೊಟ್ಟವು. ಒಂದು ಮಾತ್ರ ಏನು ಮಾಡಿದರೂ ಬಾಯಿ ಬಿಡಲಿಲ್ಲ. ಲಿಟ್ಮಸ್ ಕಾಗದ ಅದ್ದಿದರೆ ಬಣ್ಣ ಬದಲಾಗಲ್ಲ, ಕಾಯಿಸಿದರೆ ವಾಸನೆ ಇಲ್ಲ. ನೀರಿರಬಹುದು ಅಂದರೆ, ನೀರು ಇಟ್ಟೇ ಇಲ್ಲ ಅಂತ ಮೇಡಮ್ಮು ಮೊದಲೇ ಹೇಳಿದ್ದರಲ್ಲ. ಮಕ್ಕಳೆಲ್ಲ ಪುಸ್ತಕದಲ್ಲಿ "ಏನೂ ಆಗಲಿಲ್ಲ" ಅಂತ ಬರೆದರು. ಒಬ್ಬಳು ಮೆಲ್ಲಗೆ "ಅಂಕಲ್, ಅದು ನಮ್ಮನ್ನೇ ನೋಡ್ತಿದೆ" ಅಂದಳು. ನಾನು ಅದನ್ನ ಗೋಡೆ ಕಡೆ ತಿರುಗಿಸಿಟ್ಟೆ ಪುಟ್ಟೀ.

ಇವತ್ತು ಬೆಳಿಗ್ಗೆ ನಿನ್ನ ಫೋನು. ಹಲೋ ಅಂದರೆ ಮಾತಿಲ್ಲ. ಬರೀ ಉಸಿರು, ಹಿಂದೆ ನಲ್ಲಿ ಸುರಿಯೋ ಸದ್ದು. ಚಿಕ್ಕವರಿದ್ದಾಗ ಗೋಡೆ ತಟ್ಟಿ ಮಾತಾಡ್ತಿದ್ದೆವಲ್ಲ, ಹೌದಿಗೆ ಒಂದು, ಇಲ್ಲಕ್ಕೆ ಎರಡು. ನೀನು ಹಾಗೇ ತಟ್ಟಿದೆ. "ಪುಟ್ಟೀನಾ?" ಒಂದು. "ಮುನಿಸಾ?" ಎರಡು. "ಮತ್ತೇನೇ?" ಅಂದರೆ ಏಳು. ನಿಧಾನವಾಗಿ ಇನ್ನೊಂದು ಸಲ ಏಳು. ನಾನು ಬಿದ್ದು ಬಿದ್ದು ನಕ್ಕೆ. ಆಮೇಲೆ ನೀನು ಫೋನೇ ಎತ್ತಲಿಲ್ಲ. ಮಾತು ಬಿಟ್ಟರೂ ಓದೋದು ಬಿಟ್ಟಿರಲ್ಲ ಅಂತ ಇದನ್ನ ಬರೀತಿದ್ದೀನಿ.

ಚೆನ್ನಾಗಿರಮ್ಮಾ. ನನ್ನ ಜೋಕಿಗೆ ನಗೋಳು ನೀನೊಬ್ಬಳೇ.

ಬಾಟಲಿ ತೊಳೆಯೋ
ನಿನ್ನ ಅಣ್ಣ

ಮರೆತ ಮಾತು: ಬಸ್ಸಲ್ಲಿ ಬರೀತಿದ್ದೀನಿ, ಅಕ್ಷರ ಕುಣೀತಿದೆ. ಲ್ಯಾಬಲ್ಲಿದ್ದಾಗಲೇ ಮೇಡಮ್ಮಿನ ಪಟ್ಟಿ ಬಂತು. ಬಾಟಲಿಗಳನ್ನ ಎತ್ತಿ ತಳ ನೋಡಿದೆ. ಆ ಬಾಯಿ ಬಿಡದ್ದರ ತಳದಲ್ಲಿ ನಂಬರೇ ಇಲ್ಲ. ಅದು ನಾನು ನಿನಗೆ ತುಂಬಿಸಿದ ನೀರು. ಕಾಣೆಯಾಗಿರೋದು ಏಳು. ಏಳು ಕಾಸ್ಟಿಕ್ ಸೋಡಾ, ಗಂಟಲು ಸುಡೋದು. ಬ್ಯಾಗಲ್ಲೇ ಉಳಿದಿದ್ದನ್ನ ಇವತ್ತು ಬೆಳಿಗ್ಗೆ ನೀರು ಅಂತ ಕುಡಿದಿದ್ದೀಯ. ನೀನು ಹೇಳ್ತಾನೇ ಇದ್ದೆ, ನಾನು ನಗ್ತಿದ್ದೆ. ಆಂಬುಲೆನ್ಸಿಗೆ ಹೇಳಿದ್ದೀನಿ. ನಿನ್ನ ಬೀದಿ ಬಂತು. ಮಾತಾಡಬೇಡ. ನಾನು ಬಾಗಿಲು ತಟ್ಟಿದಾಗ ಒಳಗಿಂದ ಒಂದು ಸಲ ತಟ್ಟು ಪುಟ್ಟೀ, ಒಂದೇ ಒಂದು ಸಲ.